ಏಳನೇ ಹಾಸಿಗೆಯವಳು ಓದಿದ್ದು

ಆಕೆಯನ್ನು ನಮ್ಮ ನ್ಯೂರೋ ಐಸಿಯುಗೆ ತಂದಾಗ ಬೆಳಗಿನ ಹತ್ತೂವರೆ ಆಗಿತ್ತು. ಸ್ಟ್ರೆಚರಿನ ಹಿಂದೆ ಓಡಿಬಂದ ಗಂಡಸಿನ ಅಂಗಿಯ ಮೇಲೆ ಸಿಮೆಂಟೂ ಇತ್ತು, ರಕ್ತವೂ ಇತ್ತು. ಬಾಗಿಲಲ್ಲಿ ಸೆಕ್ಯುರಿಟಿಯವನು ಅವನನ್ನು ತಡೆದು ತೆಲುಗಿನಲ್ಲಿ ಯಾರು, ಏನು ಎಂದು ವಿಚಾರಿಸಿದ. ಹಿಂದಿಯಲ್ಲಿ ಉತ್ತರ ಶುರು ಮಾಡಿದವನು ನಡುವೆಯೇ ಭಾಷೆ ತಪ್ಪಿ, "ನನ್ನ ಹೇಣ್ತಿ ಅದಾಳ್ರಿ, ನನ್ನ ಬಿಡ್ರಿ" ಎಂದುಬಿಟ್ಟ.

ನನ್ನ ತವರು ಬೀದರ ಕಡೆ. ಹೈದರಾಬಾದಿನ ಈ ಆಸ್ಪತ್ರೆಯಲ್ಲಿ ನಾನು ನರ್ಸು. ಮೆಹದಿಪಟ್ಟಣಂನ ನಮ್ಮ ಮನೆಯ ಬಾಗಿಲು ದಾಟಿದರೆ ನನಗೆ ತೆಲುಗು ಇಲ್ಲವೇ ಹಿಂದಿ. ವಾರ್ಡಿನಲ್ಲಿ ಕನ್ನಡ ಕೇಳುವುದು ಅಪರೂಪ. ಬಾಗಿಲಿಗೆ ಹೋಗಿ, "ತಮ್ಮಾ, ಇಲ್ಲೇ ಕುಂದ್ರು. ಆಕಿನ್ನ ನಾ ನೋಡ್ಕೊಂತೀನಿ" ಎಂದೆ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

ಇಬ್ಬರೂ ಯಾದಗಿರಿ ಕಡೆಯ ಹಳ್ಳಿಯವರು. ಮಿಯಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟ್ ಒಂದರಲ್ಲಿ ಅವನು ಕಂಬಿ ಕಟ್ಟುತ್ತಿದ್ದ, ಆಕೆ ಇಟ್ಟಿಗೆ ಹೊರುತ್ತಿದ್ದಳು. ಎರಡನೇ ಮಹಡಿಯ ಅಂಚಿನಲ್ಲಿ ಹಾಸಿದ್ದ ಹಲಗೆ ಜಾರಿ ಕೆಳಗಿನ ಮರಳು ರಾಶಿಯ ಪಕ್ಕಕ್ಕೆ ಬಿದ್ದಿದ್ದಳು. ಮರಳಿನ ಮೇಲೇ ಬಿದ್ದಿದ್ದರೆ ಕಥೆ ಬೇರೆ ಇರುತ್ತಿತ್ತು. ವಯಸ್ಸು ಮೂವತ್ತೈದರ ಆಸುಪಾಸು. ಎರಡೂ ಕಿವಿಗಳಿಂದ ರಕ್ತ ಸೋರಿ ಕುತ್ತಿಗೆಯ ಬಳಿ ಒಣಗಿತ್ತು. ತಲೆಬುರುಡೆಯ ಬಲಗಡೆ ಹೆಪ್ಪುಗಟ್ಟಿದ ರಕ್ತ ಮಿದುಳನ್ನು ಒತ್ತುತ್ತಿತ್ತು. ಒಂದು ಗಂಟೆಯೊಳಗೆ ಆಪರೇಷನ್ ಆಯಿತು. ಮಧ್ಯಾಹ್ನ ಏಳನೇ ಹಾಸಿಗೆಗೆ ಬಂದಳು. ಹಾಗೆ ಆಕೆ ನನ್ನ ಪಾಲಿಗೆ ಬಂದಳು.

ಕೋಮಾದ ಆಳ ಅಳೆಯಲು ನಮ್ಮಲ್ಲಿ ಒಂದು ಅಂಕಪಟ್ಟಿ ಇದೆ. ಕಣ್ಣು ತೆರೆಯುತ್ತಾರೆಯೇ, ಬಾಯಲ್ಲಿ ಸದ್ದು ಬರುತ್ತದೆಯೇ, ಕೈಕಾಲು ಹೇಗೆ ಆಡುತ್ತವೆ. ಮೂರನ್ನೂ ಕೂಡಿಸಿದರೆ ಆರೋಗ್ಯವಂತರಿಗೆ ಹದಿನೈದು ಬರುತ್ತದೆ. ಆಕೆಗೆ ಬಂದದ್ದು ಐದು. ಉಗುರಿನ ಮೇಲೆ ಪೆನ್ನು ಇಟ್ಟು ಒತ್ತಿದರೆ ಬಲಗೈ ಮಾತ್ರ ಎದೆಯ ಕಡೆ ಮಡಚಿಕೊಳ್ಳುತ್ತಿತ್ತು. ಎಡಗೈ, ಎಡಗಾಲು ಸುಮ್ಮನೆ ಬಿದ್ದಿದ್ದವು. ಮುಖದ ಎಡಭಾಗವೂ ಜೋತುಬಿದ್ದು, ಆ ಕಡೆಯ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ.

ಹೊರಗಿನವರಿಗೆ ಕೋಮಾ ಎಂದರೆ ಕಾಯುವುದು. ನಮಗೆ ಅದು ಎಡೆಬಿಡದ ಕೆಲಸ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಚರ್ಮ ಕೊಳೆಯುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಇಡಬೇಕು. ಬಾಯಿ ಒಣಗದಂತೆ ಔಷಧಿಯಲ್ಲಿ ಅದ್ದಿದ ಬಟ್ಟೆಯಿಂದ ನಾಲಿಗೆ, ವಸಡು ಒರೆಸಬೇಕು. ಮೂಗಿನ ನಳಿಕೆಯಿಂದ ಗಂಜಿ ಹಾಕುವಾಗ ತಲೆಯ ಕಡೆ ಹಾಸಿಗೆ ಎತ್ತಿರಬೇಕು, ಹಾಕಿದ ಮೇಲೂ ಒಂದು ಗಂಟೆ ಹಾಗೇ ಇರಬೇಕು. ಬೆರಳು, ಮಣಿಕಟ್ಟು, ಮೊಣಕಾಲು ಎಲ್ಲವನ್ನೂ ಮಡಚಿ ಬಿಡಿಸಬೇಕು. ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ಮುಲಾಮು ಹಾಕಬೇಕು. ಆಕೆಗೆ ದಿನಕ್ಕೆ ನಾಲ್ಕು ಸಲ ಎರಡೂ ಕಣ್ಣಿಗೆ ಮುಲಾಮು ಹಾಕಿ ಎಂದು ಮೊದಲ ದಿನವೇ ಫೈಲಿನಲ್ಲಿ ಬರೆದಿತ್ತು. ನನ್ನ ಪಾಳಿಯಲ್ಲಿ ಒಂದು ಸಲವೂ ತಪ್ಪಿಸಲಿಲ್ಲ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಎರಡನೇ ವಾರ ನ್ಯುಮೋನಿಯಾ ಬಂತು. ಜ್ವರ ಏರಿ, ಉಸಿರಿನ ಯಂತ್ರದಿಂದ ಬಿಡಿಸಿದವಳನ್ನು ಮತ್ತೆ ಅದಕ್ಕೇ ಹಾಕಬೇಕಾಯಿತು. ಗಂಟಲಿಗೆ ಸಣ್ಣ ರಂಧ್ರ ಮಾಡಿ ಟ್ಯೂಬು ಕೂರಿಸಿದರು. ಅದರಿಂದ ಗಂಟೆಗೊಮ್ಮೆ ಕಫ ಎಳೆಯಬೇಕು. ಆ ಆರು ದಿನ ಆಕೆ ಉಳಿಯುತ್ತಾಳೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಏಳನೇ ದಿನ ಜ್ವರ ಇಳಿಯಿತು.

ಹತ್ತೊಂಬತ್ತನೇ ದಿನ ಕಣ್ಣು ತೆರೆದಳು.

ಗಂಡ ಅಂದು ಬಾಗಿಲ ಹೊರಗಿದ್ದವರಿಗೆಲ್ಲ ಬೆಲ್ಲ ಹಂಚಿದ. ಅವನನ್ನು ಕೂರಿಸಿ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ಕಣ್ಣು ತೆರೆದರೆ ಎಚ್ಚರ ಬಂದಂತಲ್ಲ. ಮಿದುಳಿನ ಬುಡದ ಭಾಗ ನಿದ್ದೆ, ಎಚ್ಚರಗಳ ಪಾಳಿಯನ್ನು ತಾನೇ ನಡೆಸುತ್ತದೆ. ಮೇಲಿನ ಭಾಗ ಕೆಲಸ ಮಾಡದಿದ್ದರೆ ತೆರೆದ ಕಣ್ಣಿನ ಹಿಂದೆ ಯಾರೂ ಇಲ್ಲದಿರಬಹುದು. "ಕಣ್ಣ್ ತೆಗದಾಳ, ಖರೆ. ಆದ್ರ ನಾವು ಹೇಳಿದ್ದು ಮಾಡಬೇಕು, ಆಗ ಎಚ್ಚರ ಆದಂಗ," ಎಂದೆ.

"ನಾ ಕೈ ಹಿಡಿದ್ರ ಉಸಿರು ಬ್ಯಾರೆ ಆಗ್ತೈತ್ರಿ ಅಕ್ಕಾರ. ನಿಧಾನ ಆಗ್ತೈತಿ. ನಾ ನೋಡಾಕತ್ತೀನಲ್ಲ," ಎಂದ.

ಬಂಧುಗಳು ಇಂಥದ್ದು ಹೇಳುವುದು ಹೊಸದಲ್ಲ. ತಲೆಯಾಡಿಸಿದೆ. ಫೈಲಿನಲ್ಲಿ ಬರೆಯಲಿಲ್ಲ.

ಆದರೆ ನನಗೂ ಒಂದು ಗುಮಾನಿ ಇತ್ತು. ದಿನಾ ರೌಂಡ್ಸಿಗೆ ಬರುವ ಹಿರಿಯ ಡಾಕ್ಟರು ಅವಳ ಕಿವಿಯ ಬಳಿ ಬಾಗಿ ತೆಲುಗಿನಲ್ಲಿ, "ಅಮ್ಮಾ, ಕಳ್ಳು ತೆರುವು, ಕಳ್ಳು ಮೂಸುಕೋ" ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಕಣ್ಣು ತೆರೆ, ಕಣ್ಣು ಮುಚ್ಚು ಎಂದು. ನಮ್ಮ ಕಡೆಯ ಹೆಂಗಸಿಗೆ ಕಳ್ಳು ಎಂದರೆ ಈಚಲ ಮರದಿಂದ ಇಳಿಸುವುದು. ಕಿರಿಯ ವೈದ್ಯೆ ಅದನ್ನೇ ಹಿಂದಿಯಲ್ಲಿ ಹೇಳುತ್ತಿದ್ದರು. ಉತ್ತರ ಬಾರದಿರುವುದು ಭಾಷೆಯಿಂದಲೇ ಇರಬೇಕು ಎಂದುಕೊಂಡೆ. ಹಾಗಾಗಿ ದಿನಕ್ಕೆ ಮೂರು ಹೊತ್ತು, ಒಂದೊಂದು ಹೊತ್ತಿಗೆ ಹತ್ತು ನಿಮಿಷ, ಅವಳ ಕಿವಿಯ ಹತ್ತಿರ ಕೂತು ನಮ್ಮ ಮಾತಿನಲ್ಲೇ ಹೇಳತೊಡಗಿದೆ. "ತಂಗೀ, ಕಣ್ಣ್ ಮುಚ್ಚು. ನಾಲಿಗಿ ತೋರ್ಸು. ಹೆಬ್ಬಟ್ಟು ಎತ್ತು." ಹೇಳುತ್ತ, ಎಣಿಸುತ್ತ, ಕಾಯುತ್ತ ಹತ್ತು ದಿನ ಕಳೆದೆ. ಗಂಡನಿಗೂ ಹೇಳಿಕೊಟ್ಟು ಅವನ ಬಾಯಲ್ಲಿಯೂ ಹೇಳಿಸಿದೆ. ಏನೂ ಬರಲಿಲ್ಲ. ಒಂದು ಸಲ ನಾಲಿಗೆ ಹೊರಬಂತೆಂದು ಓಡಿಹೋಗಿ ಹಿರಿಯ ಡಾಕ್ಟರನ್ನು ಕರೆತಂದೆ. ಅವರ ಮುಂದೆ ಮೂವತ್ತು ಸಲ ಹೇಳಿದರೂ ಏನೂ ಆಗಲಿಲ್ಲ. ಬಾಯಿ ಒಣಗಿದಾಗ ಯಾರಾದರೂ ನಾಲಿಗೆ ಆಡಿಸುತ್ತಾರೆ.

ಅವರು ಕೋಪಿಸಿಕೊಳ್ಳಲಿಲ್ಲ. "ಸಿಸ್ಟರ್, ಆಸೆ ನನಗೂ ಇದೆ. ಮತ್ತೆ ಕೇಳಿದರೆ ಮತ್ತೆ ಬರುವ ಉತ್ತರ ತೋರಿಸಿ, ನಾನು ಒಪ್ಪುತ್ತೇನೆ," ಎಂದರು.

ಆರನೇ ವಾರದ ಸೋಮವಾರ ವೈದ್ಯರ ಸಭೆ ಸೇರಿತು. ಕಣ್ಣು ತೆರೆದಿದೆ, ಅರಿವಿನ ಗುರುತು ಇಲ್ಲ. ಉಸಿರು ತಾನಾಗಿ ಆಡುತ್ತಿದೆ, ಸೋಂಕಿಲ್ಲ. ಐಸಿಯುನಲ್ಲಿ ಇನ್ನು ಮಾಡುವಂಥದ್ದೇನೂ ಉಳಿದಿಲ್ಲ. ನಮ್ಮಲ್ಲಿ ಪುನಶ್ಚೇತನದ ವಾರ್ಡು ಒಂದಿದೆ; ಕೂರಿಸಿ, ನಿಲ್ಲಿಸಿ, ನುಂಗುವುದನ್ನು, ಮಾತನ್ನು ಮರಳಿ ಕಲಿಸುವ ಜಾಗ. ಹಾಸಿಗೆಗಳು ಕಡಿಮೆಯಾದ್ದರಿಂದ, ಹೇಳಿದ ಒಂದು ಕೆಲಸವನ್ನಾದರೂ ತಿಳಿದು ಮಾಡಬಲ್ಲವರಿಗೆ ಮಾತ್ರ ಅಲ್ಲಿ ಪ್ರವೇಶ. ಆಕೆ ಮಾಡಿರಲಿಲ್ಲ. ಶನಿವಾರ ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಊರು ಎಂದರೆ ಏನೆಂದು ನನಗೆ ಗೊತ್ತಿತ್ತು. ಗಂಟಲಿನ ಟ್ಯೂಬಿನಲ್ಲಿ ಕಫ ಕಟ್ಟಿದರೆ ಎಳೆಯಲು ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು, ಎಳೆಯಲು ತಿಳಿದ ಕೈ ಬೇಕು. ಟ್ಯೂಬು ಕಟ್ಟಿಕೊಂಡರೆ ಕೆಲವೇ ನಿಮಿಷಗಳ ಮಾತು. ಗಂಡ ಎಲ್ಲವನ್ನೂ ಕಲಿತಿದ್ದ, ಕೈ ತೊಳೆದು ಗ್ಲೌಸು ಹಾಕಿಕೊಂಡು ನನ್ನ ಕಣ್ಣೆದುರೇ ಹದಿನಾರು ಸಲ ಕಫ ಎಳೆದಿದ್ದ. ಆದರೂ ಅಂಥ ಮನೆಗಳಿಂದ ಎರಡು ಮೂರು ವಾರಕ್ಕೆ ಬರುವ ಸಾವಿನ ಫೋನು ನನಗೆ ಪರಿಚಯ. ಅವನಿಗೆ ಅದನ್ನು ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಗಂಟಲಿನ ಡ್ರೆಸ್ಸಿಂಗ್ ಬದಲಿಸುತ್ತಿದ್ದೆ. ನನ್ನ ಮೊಣಕೈ ತಾಗಿ ಸ್ಟೀಲಿನ ಟ್ರೇ ಚಿಮಟಗಳ ಸಮೇತ ನೆಲಕ್ಕೆ ಬಿತ್ತು. ಇಡೀ ಐಸಿಯು ತಿರುಗಿ ನೋಡಿತು. ಪಕ್ಕದ ಆರನೇ ಹಾಸಿಗೆಯಲ್ಲಿದ್ದ ಮುದುಕರು ಮೂರು ವಾರದಿಂದ ಅರಿವಿಲ್ಲದೆ ಮಲಗಿದ್ದವರು. ಅವರ ಮೈಯೂ ಒಮ್ಮೆ ಬೆಚ್ಚಿ ಕುಲುಕಿತು. ನನ್ನ ಕೈಕೆಳಗಿದ್ದ ಆಕೆಯ ರೆಪ್ಪೆ ಅಲುಗಲಿಲ್ಲ.

ಟ್ರೇ ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತೆ. ಸದ್ದಿಗೆ ಬೆಚ್ಚಲು ಅರಿವು ಬೇಕಿಲ್ಲ. ಅದು ಮಿದುಳಿನ ಬುಡದ ಕೆಲಸ. ಕಣ್ಣು ತೆರೆದು ಮುಚ್ಚುವಷ್ಟು ಆ ಬುಡ ನೆಟ್ಟಗಿರುವ ಹೆಂಗಸು ಯಾಕೆ ಬೆಚ್ಚಲಿಲ್ಲ? ಟ್ರೇಯನ್ನು ಅವಳ ತಲೆಯ ಹಿಂದೆ, ಗಾಳಿ ಕೂಡ ತಾಗದಷ್ಟು ದೂರದಲ್ಲಿ ಹಿಡಿದು ಚಿಮಟದಿಂದ ಬಾರಿಸಿದೆ. ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಜೊತೆಗಿದ್ದ ನರ್ಸು ನನಗೆ ತಲೆ ಕೆಟ್ಟಿತೆಂಬಂತೆ ನೋಡುತ್ತಿದ್ದಳು. ಏಳನೇ ಹಾಸಿಗೆಯವಳು ಮಾತ್ರ ಚಾವಣಿ ನೋಡುತ್ತ ಮಲಗಿದ್ದಳು.

ಫೈಲು ತೆಗೆದು ಮೊದಲ ಪುಟದಿಂದ ಓದಿದೆ. ಸ್ಕ್ಯಾನಿನ ವರದಿಯಲ್ಲಿ ಹೆಪ್ಪುಗಟ್ಟಿದ ರಕ್ತದ ಬಗ್ಗೆ ಅರ್ಧ ಪುಟ ಇತ್ತು. ಕೊನೆಯಲ್ಲಿ ಎರಡೇ ಸಾಲು: ಎರಡೂ ಕಿವಿಗಳ ಒಳಗಿನ ಎಲುಬಿನಲ್ಲಿ ಬಿರುಕು. ಅದರ ಕೆಳಗೆ ಕಿವಿಯ ಡಾಕ್ಟರು ಕೈಯಲ್ಲಿ ಬರೆದಿದ್ದರು: ರೋಗಿಗೆ ಎಚ್ಚರ ಬಂದ ಮೇಲೆ ಕಿವಿ ಪರೀಕ್ಷೆ ಮಾಡುವುದು.

ಆ ಸಾಲನ್ನು ಎರಡು ಸಲ ಓದಿದೆ. ಎಚ್ಚರ ಬರಲಿ ಎಂದು ಕಿವಿಯ ಪರೀಕ್ಷೆ ಕಾಯುತ್ತಿತ್ತು. ಎಚ್ಚರವಿದೆಯೋ ಇಲ್ಲವೋ ಎಂಬುದನ್ನು ನಾವೆಲ್ಲ ಆ ಕಿವಿಯಲ್ಲೇ ಹುಡುಕುತ್ತಿದ್ದೆವು. ತೆಲುಗು, ಹಿಂದಿ, ನನ್ನ ಹತ್ತು ದಿನದ ಕನ್ನಡ ಯಾವುದೂ ಒಳಗೆ ಹೋಗಿರಲಿಲ್ಲ.

ಕಿರಿಯ ವೈದ್ಯೆಗೆ ಫೈಲು ತೋರಿಸಿದೆ. ಅವರು ಓದಿ, ಕುರ್ಚಿಯಿಂದ ಎದ್ದು, ತಾವೇ ಹೋಗಿ ಟ್ರೇ ಬಾರಿಸಿ ಬಂದರು. ಬುಧವಾರ ಪರೀಕ್ಷೆಯಾಯಿತು. ಕಿವಿಗೆ ಟಕ್ ಟಕ್ ಸದ್ದು ಬಿಟ್ಟು, ತಲೆಗೆ ಅಂಟಿಸಿದ ತಂತಿಗಳ ಮೂಲಕ ಕಿವಿಯ ನರ ಅದನ್ನು ಹಿಡಿಯಿತೇ ಎಂದು ನೋಡುವ ಪರೀಕ್ಷೆ. ಎರಡೂ ಕಡೆ ಮೊದಲ ಅಲೆಯೇ ಏಳಲಿಲ್ಲ, ಗೆರೆ ಸಪಾಟಾಗಿತ್ತು.

ಹಿರಿಯ ಡಾಕ್ಟರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಕಿವಿ ಕೇಳುವುದಿಲ್ಲ ಎಂಬುದು ಖಾತ್ರಿಯಾಯಿತು. ಒಳಗೆ ಅರಿವಿದೆ ಎಂಬುದು ಇದರಿಂದ ಖಾತ್ರಿಯಾಗುವುದಿಲ್ಲ. ಅದಕ್ಕೆ ದಾರಿ ಏನು?" ಎಂದು ಕೇಳಿದರು. ನಿಜಕ್ಕೂ ಕೇಳುತ್ತಿದ್ದರು.

"ಬರೆದು ತೋರಿಸುತ್ತೇನೆ ಸರ್," ಎಂದೆ.

"ಓದಲು ಬರುತ್ತದೆಯೇ?"

ಅದು ನನಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ಗಂಡನನ್ನು ಕೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ. "ನನಗ ಬರೂದಿಲ್ರಿ ಅಕ್ಕಾರ. ನಾ ಸಾಲಿ ಮೆಟ್ಟಲ ಹತ್ತಿಲ್ಲ. ಆಕಿ ಏಳನೇತ್ತ ತನಕ ಓದ್ಯಾಳ್ರಿ. ಊರಿಗೆ ಹೋದ್ರ ಬಸ್ಸಿನ ಬೋರ್ಡ ಆಕೀನ ಓದಿ ಹೇಳಾಕಿ. ಪೇಪರ ಸಿಕ್ರ ಪುಡಿಕಿ ಕಟ್ಟಿದ್ದು ಸೈತ ಬಿಡೂದಿಲ್ರಿ, ಬಿಚ್ಚಿ ಓದ್ತಾಳ."

"ಕನ್ನಡ?"

"ಕನ್ನಡನ ರೀ. ಮತ್ತೇನ."

ಗುರುವಾರ ಬೆಳಿಗ್ಗೆ ಗ್ಲೌಸಿನ ಪೆಟ್ಟಿಗೆಗಳನ್ನು ಬಿಡಿಸಿ ರಟ್ಟು ಮಾಡಿಕೊಂಡೆ. ಒಳಗಿನ ಬಿಳಿ ಮೈ ಮೇಲೆ ಕಪ್ಪು ಮಾರ್ಕರಿನಿಂದ, ಒಂದೊಂದು ಅಕ್ಷರವೂ ಅಂಗೈಯಗಲ ಇರುವಂತೆ ಬರೆದೆ: ನಾಲಿಗೆ ತೋರಿಸು. ಜೊತೆಗಿದ್ದ ತೆಲುಗಿನ ನರ್ಸು ನೋಡಿ, "ಇದು ನಮ್ಮ ಅಕ್ಷರದ ಹಾಗೇ ಇದೆಯಲ್ಲಕ್ಕಾ, ನಾನೂ ಅರ್ಧ ಓದಬಲ್ಲೆ," ಎಂದಳು. ಒಂಬತ್ತು ಗಂಟೆಗೆ ಹಾಸಿಗೆ ಎತ್ತಿ ಆಕೆಯನ್ನು ಒರಗಿ ಕೂರುವಂತೆ ಮಾಡಿ, ಎರಡು ಅಡಿ ದೂರದಲ್ಲಿ ರಟ್ಟು ಹಿಡಿದೆ. ಹತ್ತರವರೆಗೆ ಎಣಿಸಿದೆ. ಇಪ್ಪತ್ತರವರೆಗೆ ಎಣಿಸಿದೆ. ರಟ್ಟನ್ನು ಹತ್ತಿರ ತಂದೆ, ದೂರ ಒಯ್ದೆ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ.

ರಟ್ಟು ಅವಳಿಗೆ ನೆಟ್ಟಗೆ ಕಾಣುತ್ತಿದೆಯೇ ಎಂದು ನೋಡಲು ಅದನ್ನು ಜೊತೆಯವಳ ಕೈಗೆ ಕೊಟ್ಟು, ನನ್ನ ತಲೆಯನ್ನು ಆಕೆಯ ದಿಂಬಿನ ಪಕ್ಕಕ್ಕೇ ತಂದೆ. ರಟ್ಟು ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಪಕ್ಕಕ್ಕೆ ತಿರುಗಿ ಅವಳ ಬಲಗಣ್ಣನ್ನು ನೋಡಿದೆ. ಒಂದು ಗೇಣಿನ ಅಂತರ. ಕಣ್ಣಿನ ಮೇಲೆ ಮುಲಾಮಿನ ಪದರ ದಪ್ಪಗೆ, ತುಪ್ಪ ಹೆಪ್ಪಾದಂತೆ ಕೂತಿತ್ತು.

ಅದನ್ನು ಹಾಕಿದವಳು ನಾನೇ, ಆ ದಿನ ಬೆಳಿಗ್ಗೆ ಎಂಟಕ್ಕೆ. ಮುಚ್ಚದಿದ್ದ ಕಣ್ಣು ಎಡಗಡೆಯದು. ಬಲಗಣ್ಣು ಮೂರು ವಾರದಿಂದ ತಾನೇ ತೆರೆದು ತಾನೇ ಮುಚ್ಚುತ್ತಿತ್ತು. ಅದಕ್ಕೆ ಮುಲಾಮು ಬೇಕಿರಲಿಲ್ಲ. ಆದರೆ ಫೈಲಿನಲ್ಲಿ ಎರಡೂ ಕಣ್ಣು ಎಂದಿತ್ತು, ನಾವು ಎರಡೂ ಕಣ್ಣಿಗೆ ಹಾಕುತ್ತಲೇ ಇದ್ದೆವು. ಕಿವಿ ಇಲ್ಲದವಳ ಕಣ್ಣಿಗೂ ನಾವೇ ಮಂಜು ಬಳಿದಿದ್ದೆವು. ಒಂದು ಪಾಳಿಯಲ್ಲೂ ತಪ್ಪಿಸಿಲ್ಲವೆಂಬ ನನ್ನ ಹೆಮ್ಮೆ ಆ ಗಳಿಗೆಯಲ್ಲಿ ನೆಲಕ್ಕೆ ಬಿತ್ತು.

ಆದೇಶ ಬದಲಿಸುವ ಅಧಿಕಾರ ನರ್ಸಿಗಿಲ್ಲ. ಕಿರಿಯ ವೈದ್ಯೆಯನ್ನು ಕರೆದು ಬಲಗಣ್ಣು ತೋರಿಸಿದೆ. ಅವರು ಅಲ್ಲೇ ನಿಂತು ಫೈಲು ತಿದ್ದಿದರು. ಎಡಗಣ್ಣಿಗೆ ಮುಲಾಮು ಹಾಕಿ ಟೇಪಿನಿಂದ ಮುಚ್ಚಿದೆ. ಬಲಗಣ್ಣಿಗೆ ಸಲೈನು ಬಿಟ್ಟು, ಗಾಜ್ ಬಟ್ಟೆಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿದೆ. ಹೊಸ ಬಟ್ಟೆ, ಹೊಸ ಸಲೈನು. ಆರು ಸಲ ಒರೆಸಿದ ಮೇಲೆ ಬಟ್ಟೆ ಜಿಡ್ಡಿಲ್ಲದೆ ಬಂತು. ಮುಖ ತೊಳೆದೆ. ಒಂದು ತಾಸು ಯಾರೂ ಮುಟ್ಟದಂತೆ ಬಿಟ್ಟೆ, ದಣಿವಾಗಬಾರದೆಂದು.

ಹನ್ನೊಂದಕ್ಕೆ ಮತ್ತೆ ರಟ್ಟು ಹಿಡಿದೆ.

ಮೊದಲು ಕಣ್ಣು ಅದರ ಮೇಲೆ ನಿಂತಿತು. ಆಮೇಲೆ ಎಡದಿಂದ ಬಲಕ್ಕೆ ಹೋಯಿತು. ಹಿಂದೆ ಬಂತು, ಮತ್ತೆ ಹೋಯಿತು. ನಾನು ಎಣಿಸುತ್ತಿದ್ದೆ. ಏಳು, ಎಂಟು, ಒಂಬತ್ತು. ಒಣಗಿದ ತುಟಿಗಳು ಬಿಡಿಸಿಕೊಂಡವು. ನಾಲಿಗೆಯ ತುದಿ ಹೊರಬಂತು.

ರಟ್ಟು ಕೆಳಗಿಳಿಸಿದೆ. ನಾಲಿಗೆ ಒಳಹೋಯಿತು. ಮತ್ತೆ ಹಿಡಿದೆ. ಮತ್ತೆ ಬಂತು. ಕಿರಿಯ ವೈದ್ಯೆ ನನ್ನ ಭುಜ ಹಿಡಿದಿದ್ದರು, ಬಿಟ್ಟಮೇಲೆ ಅಲ್ಲಿ ಬೆರಳಿನ ಗುರುತು ಮೂಡಿತ್ತು.

ಆಗ ನನಗೆ ಹೊಳೆದದ್ದು, ಈಗ ಇನ್ನೊಂದು ಪರೀಕ್ಷೆ ಮಾಡುವ ಹೊತ್ತಲ್ಲ ಎಂಬುದು. ಈ ಹೆಂಗಸು ಎಷ್ಟು ದಿನದಿಂದ ಎಚ್ಚರವಿದ್ದಳೋ ಯಾರಿಗೆ ಗೊತ್ತು. ಅವಳ ಮಟ್ಟಿಗೆ ಮಬ್ಬು ಬೆಳಕಿನೊಳಗಿಂದ ಸದ್ದಿಲ್ಲದ ಜನ ಬರುತ್ತಿದ್ದರು, ಉಗುರು ಒತ್ತಿ ನೋಯಿಸುತ್ತಿದ್ದರು, ಗಂಟಲಿಗೆ ನಳಿಕೆ ಬಿಟ್ಟು ಕೆಮ್ಮಿಸಿ ಹೋಗುತ್ತಿದ್ದರು. ತನಗೇನಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಉಳಿದ ರಟ್ಟುಗಳ ಮೇಲೆ ಒಂದೊಂದಾಗಿ ಬರೆದು ತೋರಿಸಿದೆ. ನೀನು ಮೇಲಿಂದ ಬಿದ್ದಿ. ಇದು ಹೈದರಾಬಾದ್ ದವಾಖಾನೆ. ನಿನಗ ಕಿವಿ ಕೇಳೂದಿಲ್ಲ, ಅದಕ್ಕ ನಮ್ಮ ಮಾತು ಕೇಳವಲ್ದು. ನೀನು ಹುಷಾರ್ ಆಗಾಕತ್ತೀದಿ. ನಿನ್ನ ಗಂಡ ಹೊರಗ ಅದಾನ.

ಪ್ರತಿ ರಟ್ಟನ್ನೂ ನಿಧಾನವಾಗಿ ಓದಿದಳು. ಕೊನೆಯದನ್ನು ಓದಿದ ಮೇಲೆ ಕಣ್ಣು ರಟ್ಟಿನಿಂದ ಸರಿದು ಬಾಗಿಲ ಕಡೆ ಹೋಯಿತು, ಅಲ್ಲೇ ನಿಂತಿತು.

ಭೇಟಿಯ ಹೊತ್ತು ಅಲ್ಲದಿದ್ದರೂ ಅವನನ್ನು ಒಳಗೆ ಕರೆದೆ. ಅವನು ಹಾಸಿಗೆಯ ಬಲಗಡೆ ನಿಂತ. ಅವಳ ಕಣ್ಣು ಅವನ ಮುಖದ ಮೇಲೆ, ಅಂಗಿಯ ಮೇಲೆ, ಮತ್ತೆ ಮುಖದ ಮೇಲೆ ಓಡಾಡಿತು. ಅವನು ಅವಳ ಕೈ ಹಿಡಿದುಕೊಂಡ. ಮಾನಿಟರಿನ ಮೇಲೆ ಉಸಿರಿನ ಲೆಕ್ಕ ಇಪ್ಪತ್ನಾಲ್ಕರಿಂದ ಹದಿನೆಂಟಕ್ಕೆ ಇಳಿಯಿತು. ಅವನು ಮೂರು ವಾರದಿಂದ ಹೇಳುತ್ತಿದ್ದದ್ದು ಇದನ್ನೇ. ಆ ಸಂಖ್ಯೆಯನ್ನು ಅಂದು ಫೈಲಿನಲ್ಲಿ ಬರೆದೆ. ಅವನಿಗೆ, "ತಮ್ಮಾ, ನೀ ಹೇಳಿದ್ದು ಖರೆ ಇತ್ತು. ನಾ ಕೇಳಲಿಲ್ಲ," ಎಂದೆ.

"ಹೋಗ್ಲಿ ಬಿಡ್ರಿ ಅಕ್ಕಾರ. ಈಗರ ಗೊತ್ತಾತಲ್ಲ," ಎಂದ.

ಶುಕ್ರವಾರ ಹಿರಿಯ ಡಾಕ್ಟರ ಪರೀಕ್ಷೆ. ಅವರು ಯಾವ ಸಂದಿಗೂ ಜಾಗ ಬಿಡಲಿಲ್ಲ. ನನ್ನಿಂದ ನಾಲ್ಕು ರಟ್ಟು ಬರೆಸಿಕೊಂಡರು. ನಾಲಿಗೆ ತೋರಿಸು, ಕಣ್ಣು ಗಟ್ಟಿ ಮುಚ್ಚು, ಹೆಬ್ಬೆರಳು ಎತ್ತು, ನಾಲ್ಕನೆಯದು ಖಾಲಿ. ನನ್ನನ್ನೂ ಗಂಡನನ್ನೂ ಪರದೆಯ ಹಿಂದೆ ಕಳಿಸಿದರು. ನಾವು ಅರಿಯದೆಯೇ ಕಣ್ಣಲ್ಲಿ ಸುಳಿವು ಕೊಟ್ಟುಬಿಡಬಹುದು ಎಂದರು. ರಟ್ಟುಗಳನ್ನು ಇಸ್ಪೀಟಿನಂತೆ ಕಲೆಸಿ ತಾವೇ ಒಂದೊಂದಾಗಿ ತೋರಿಸಿದರು. ರಟ್ಟಿನ ಬೆನ್ನಷ್ಟೇ ಕಾಣುವ ಕಡೆ ಕಿರಿಯ ವೈದ್ಯೆಯನ್ನು ನಿಲ್ಲಿಸಿ, ಅವಳ ಮೈಯಲ್ಲಿ ಏನು ಆಡಿತೋ ಅದನ್ನಷ್ಟೇ ಬರೆಯಿರಿ ಎಂದರು. ಹನ್ನೆರಡು ಸಲ ತೋರಿಸುವುದೆಂದು ಮೊದಲೇ ನಿಶ್ಚಯವಾಗಿತ್ತು.

ಪರದೆಯ ಹಿಂದೆ ನಮಗೆ ಕೇಳುತ್ತಿದ್ದದ್ದು ಕಿರಿಯ ವೈದ್ಯೆಯ ದನಿ ಮಾತ್ರ. "ನಾಲಿಗೆ." "ಏನೂ ಇಲ್ಲ." "ಬಲ ಹೆಬ್ಬೆರಳು." "ಕಣ್ಣು." "ಏನೂ ಇಲ್ಲ." ಗಂಡ ಎರಡೂ ಕೈಯಿಂದ ಪರದೆಯ ಬಟ್ಟೆ ಹಿಡಿದು ನಿಂತಿದ್ದ. ಹನ್ನೆರಡೂ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಕಾಗದಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದರು. ನಾವೂ ಈಚೆ ಬಂದೆವು.

ಹನ್ನೊಂದು ಕೂಡಿದ್ದವು. ಒಮ್ಮೆ ಹೆಬ್ಬೆರಳು ತಡವಾಗಿ ಎದ್ದಿತ್ತು, ಅಷ್ಟರಲ್ಲಿ ಏನೂ ಇಲ್ಲ ಎಂದು ಬರೆದಾಗಿತ್ತು. ಏನೂ ಇಲ್ಲ ಎಂದು ಬರೆದಿದ್ದ ಉಳಿದ ಸಲವೆಲ್ಲ ತೋರಿಸಿದ್ದು ಖಾಲಿ ರಟ್ಟು. ಖಾಲಿ ರಟ್ಟಿಗೆ ಆಕೆ ಏನನ್ನೂ ಮಾಡಿರಲಿಲ್ಲ.

ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಫೈಲು ತರಿಸಿ, ಶನಿವಾರದ ಬಿಡುಗಡೆಯ ಆದೇಶಕ್ಕೆ ಅಡ್ಡಗೆರೆ ಎಳೆದು, ಕೆಳಗೆ ತಮ್ಮ ಕೈಯಾರೆ ಬರೆದರು: ರೋಗಿಗೆ ಪೂರ್ತಿ ಅರಿವಿದೆ, ಕಿವುಡಿದೆ, ಬರಹದ ಸೂಚನೆ ಪಾಲಿಸುತ್ತಾರೆ, ಪುನಶ್ಚೇತನ ವಾರ್ಡಿಗೆ ವರ್ಗ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಕಡೆಯಿಂದ ಅವರನ್ನು ಒಂದು ಮಾತು ಕೇಳಿ. ಏನು ಬೇಕು ಅಂತ," ಎಂದರು.

ವರ್ಣಮಾಲೆಯನ್ನು ಸಾಲುಸಾಲಾಗಿ ಒಂದು ರಟ್ಟಿನ ಮೇಲೆ ಬರೆದೆ. ನನ್ನ ಬೆರಳು ಸಾಲಿನ ಮೇಲೆ ಸರಿಯುವಾಗ ಬೇಕಾದ ಕಡೆ ಕಣ್ಣು ಗಟ್ಟಿ ಮುಚ್ಚಬೇಕು ಎಂದು ಬರೆದು ತಿಳಿಸಿದೆ. ಮೊದಲ ಅಕ್ಷರಕ್ಕೆ ನಾಲ್ಕು ನಿಮಿಷ ಹಿಡಿಯಿತು. ನ. ಆಮೇಲೆ ಈ. ಆಮೇಲೆ ರ. ನಲವತ್ತು ದಿನ ಆಕೆಯ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ನುಂಗಲು ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಕುಡಿಸುವಂತಿರಲಿಲ್ಲ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನಾಲಿಗೆಯ ಮೇಲೆ ಇಟ್ಟೆ. ಆಕೆ ಅದನ್ನು ತುಟಿಯಿಂದ ಹಿಡಿದು ಬಿಡಲಿಲ್ಲ. ನುಂಗುವ ಪರೀಕ್ಷೆ ಮುಗಿಸಿ, ನಾಲ್ಕನೇ ದಿನ ಚಮಚದಲ್ಲಿ ನೀರು ಕೊಟ್ಟೆವು. ಏಳು ಚಮಚ ಕುಡಿದಳು.

ಪುನಶ್ಚೇತನ ವಾರ್ಡಿನಲ್ಲಿ ಆಕೆ ಮೂರು ತಿಂಗಳು ಇದ್ದಳು. ನನ್ನ ಪಾಳಿ ಮುಗಿದ ಮೇಲೆ ಒಂದು ಮಹಡಿ ಇಳಿದು ನೋಡಿಕೊಂಡೇ ಬಸ್ಸಿಗೆ ಹೋಗುತ್ತಿದ್ದೆ. ಮೊದಲು ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದರು. ಗಂಟಲಿನ ಟ್ಯೂಬು ತೆಗೆದು ರಂಧ್ರ ಮುಚ್ಚಿದ ದಿನ ದನಿ ಬಂತು. ತನ್ನ ದನಿ ತನಗೇ ಕೇಳದವಳ ಮಾತು. ಏರಿಳಿತವಿಲ್ಲದೆ ಜೋರಾಗಿ ಬರುತ್ತಿತ್ತು. ಆಕೆ ಆಡಿದ ಮೊದಲ ಮಾತು ಗಂಡನಿಗೆ: "ಗಡ್ಡ ಬಿಟ್ಟೀದಿ. ಬೋಳಿಸ್ಕೋ." ಇಡೀ ವಾರ್ಡು ಕೇಳಿ ನಕ್ಕಿತು, ಅವನೂ ನಕ್ಕ, ನಗುತ್ತಲೇ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಕಿವಿ ಮರಳಿ ಬರುವುದಿಲ್ಲವೆಂದು ಕಿವಿಯ ಡಾಕ್ಟರು ಹೇಳಿದರು. ಎಡಗೈ ಅರ್ಧಕ್ಕಿಂತ ಮೇಲೆ ಏಳಲಿಲ್ಲ. ಇದನ್ನೆಲ್ಲ ಬರೆದೇ ತಿಳಿಸಿದೆ. ಓದಿ, "ಕಣ್ಣ್ ಅದಾವಲ್ಲ," ಎಂದಳು.

ಒಂದು ಮಧ್ಯಾಹ್ನ ಗಂಡ ನನ್ನನ್ನು ಕಾಯುತ್ತ ಮೆಟ್ಟಿಲ ಬಳಿ ನಿಂತಿದ್ದ. "ಅಕ್ಕಾರ, ಆಕಿ ಮಾತಾಡ್ತಾಳ, ನಾ ಕೇಳ್ತೀನಿ. ನಾ ಮಾತಾಡಿದ್ರ ಆಕಿ ಹೆಂಗ ಕೇಳಬೇಕ್ರಿ? ನೀವು ಬರದ ತೋರ್ಸತೀರಿ. ಊರಾಗ ಯಾರ್ ಬರೀಬೇಕು? ನನಗ ಬರ್ಯಾಕ ಕಲಸ್ರಿ."

ನಾನು ಬೇಗಂ ಬಜಾರಿನಿಂದ ಒಂದು ಪಾಟಿ, ಬಳಪದ ಡಬ್ಬಿ ತಂದುಕೊಟ್ಟೆ. ಕಲಿಸಿದವಳು ನಾನಲ್ಲ. ಹೆಂಡತಿಯೇ ಬಲಗೈಯಿಂದ ಬರೆದು ತೋರಿಸಿ, ಅವನ ಕೈ ಹಿಡಿದು ತಿದ್ದಿಸಿದಳು. ಕಂಬಿ ತಿರುಚುವ ಕೈಗೆ ಬಳಪ ನಿಲ್ಲುತ್ತಿರಲಿಲ್ಲ, ದಿನಕ್ಕೆ ಎರಡು ಮುರಿಯುತ್ತಿದ್ದ. ಅ, ಆ ಮುಗಿಸಲು ಒಂದು ವಾರ ಬೇಕಾಯಿತು. ಒತ್ತಕ್ಷರ ಬಂದಾಗ, "ಇವು ಯಾಕ್ ಬೇಕ್ರಿ, ಬಿಟ್ರ ತಿಳಿಯೂದಿಲ್ಲೇನು" ಎಂದು ನನ್ನ ಹತ್ತಿರ ದೂರು ಹೇಳಿದ. ವಾಕರಿನ ಕೈಚೌಕಟ್ಟು ಹಿಡಿದು ಆಕೆ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯಲು ಕಲಿತದ್ದೂ, ಅವನು ಕಾಗುಣಿತದ ಬಳ್ಳಿಗಳನ್ನೆಲ್ಲ ಕಲಿತದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ.

ಊರಿಗೆ ಹೊರಟ ದಿನ ನಾನು ರಜೆ ಹಾಕಿರಲಿಲ್ಲ, ಕಾಗದಪತ್ರದ ನೆಪ ಹೇಳಿ ಕೆಳಗೆ ಹೋದೆ. ಹಿರಿಯ ಡಾಕ್ಟರೂ ಬಂದಿದ್ದರು, ಕಿರಿಯ ವೈದ್ಯೆಯೂ ಇದ್ದರು. ಆಕೆ ಸೀರೆ ಉಟ್ಟು, ತಲೆಯ ಗಾಯದ ಮೇಲೆ ಸೆರಗು ಹೊದ್ದು ಮಂಚದ ಅಂಚಿಗೆ ಕೂತಿದ್ದಳು. ಗಂಡ ಪಾಟಿ ತೆಗೆದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ನಾಲಿಗೆ ಕಚ್ಚಿಕೊಂಡು, ಬೆವರುತ್ತ, ಯಾರನ್ನೂ ಕೇಳದೆ ಬರೆದ. ಎದ್ದು ಅವಳ ಮುಂದೆ ಹಿಡಿದ: ಹಗೂಣ ನಡಿ.

ಆಕೆ ಓದಿದಳು. ಹುಬ್ಬು ಗಂಟಿಕ್ಕಿದಳು. ಅವನ ಕೈಯಿಂದ ಬಳಪ ಕಸಿದುಕೊಂಡು, ಅವನು ಬಿಟ್ಟಿದ್ದ ಓ ಸ್ವರದ ಬಳ್ಳಿಯನ್ನು 'ಹ'ಗೆ ಎಳೆದು ಸೇರಿಸಿದಳು. ಆಮೇಲೆ ಇಡೀ ವಾರ್ಡಿಗೆ ಕೇಳುವ ದನಿಯಲ್ಲಿ ಅದನ್ನು ಓದಿ ಹೇಳಿದಳು:

"ಹೋಗೂಣ ನಡಿ."

ಕೈಚೌಕಟ್ಟನ್ನು ಮುಂದಕ್ಕೆ ಇಟ್ಟು ಎದ್ದು ನಿಂತಳು. ಗಂಡ ಪಾಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಟ್ಟದೆ, ಬಿದ್ದರೆ ಹಿಡಿಯುವಷ್ಟೇ ಹಿಂದೆ ನಡೆದ. ಲಿಫ್ಟಿನವರೆಗಿನ ಇಪ್ಪತ್ತೆರಡು ಹೆಜ್ಜೆಯನ್ನೂ ಆಕೆ ತಾನೇ ನಡೆದಳು.